ಅಪ್ಪನನ್ನು ಊಟಿ ಬೊಟಾನಿಕಲ್ ಗಾರ್ಡನ್‌ಗೆ ಕರೆದುಕೊಂಡು ಹೋಗಬೇಕು: ನೀಲಗಿರಿ ಮರ ನೋಡೋದಕ್ಕೆ

ಮಾಲೂರು_ಮಗಳು, ಜನವರಿ 17

ಎಲ್ಲರಿಗೂ ನಮಸ್ಕಾರ. ನಮ್ಮದು ಮಾಲೂರು ತಾಲ್ಲೂಕು. ಅಪ್ಪನಿಗೆ ಈಗ 73 ವರ್ಷ. ಎರಡೂ ಮಂಡಿ ನೋವು. ಇಷ್ಟು ವರ್ಷದಲ್ಲಿ ಅಲ್ಲಿಗೆ ಹೋಗೋಣ, ಇಲ್ಲಿಗೆ ಹೋಗೋಣ ಅಂತ ಬಾಯಿಬಿಟ್ಟು ಕೇಳಿದವರಲ್ಲ. ಮೊನ್ನೆ ಸಂಕ್ರಾಂತಿ ದಿನ ಜಗಲಿ ಮೇಲೆ ಕೂತು ಕಬ್ಬು ಸೀಳುತ್ತಾ ಇದ್ದವರು, "ಊಟಿ ಗಾರ್ಡನ್ ನೋಡಬೇಕು ಕಣಮ್ಮ" ಅಂದರು. ಯಾಕೆ ಅಂತ ಕೇಳಿದೆ. "ನೀಲಗಿರಿ ಮರ ಅಲ್ಲಿಂದ ತಾನೇ ಬಂದಿದ್ದು? ಅಲ್ಲಿ ಅದು ಹೇಗಿದೆ ನೋಡಬೇಕು" ಅಂದರು.

ಹಿನ್ನೆಲೆ ಹೇಳಿದರೆ ನಿಮಗೆ ಅರ್ಥವಾಗುತ್ತದೆ. ನಮಗೆ ಎರಡೂವರೆ ಎಕರೆ ಖುಷ್ಕಿ ಇತ್ತು. ರಾಗಿ, ಅವರೆ ಬೆಳೆಯುತ್ತಿದ್ದ ಹೊಲ. 80ರ ದಶಕದಲ್ಲಿ ಊರಿಗೆ ಊರೇ ನೀಲಗಿರಿ ಹಾಕಿತು, ಅಪ್ಪನೂ ಹಾಕಿದರು. ನೀರು ಕಟ್ಟುವ ಹಾಗಿಲ್ಲ, ಕಾವಲು ಕಾಯುವ ಹಾಗಿಲ್ಲ, ದನ ಬಾಯಿ ಹಾಕೋದಿಲ್ಲ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ನಾಲ್ಕು ಸಲ ಕಡಿದು ಮಾರಿದರು. ನನ್ನ ಕಾಲೇಜು ಫೀಸು, ಅಕ್ಕನ ಮದುವೆ, ಎಲ್ಲಾ ಅದರಿಂದಲೇ ಆಗಿದ್ದು. ಆಮೇಲೆ ಮೊದಲು ಬಾವಿ ಒಣಗಿತು, ನಂತರ ಬೋರ್‌ವೆಲ್. ಹತ್ತು ವರ್ಷದ ಹಿಂದೆ ಜೆಸಿಬಿ ತರಿಸಿ ಬೊಡ್ಡೆಗಳನ್ನೆಲ್ಲ ಕೀಳಿಸಿದರು. ಆ ದಿನ ಮನೆಗೆ ಬಂದು ಯಾರ ಜೊತೆಗೂ ಮಾತಾಡಲಿಲ್ಲ. ಈಗ ಅಲ್ಲಿ ಮಾವಿದೆ. ಆ ಮರ ಒಳ್ಳೆಯದು ಅಂತಲೋ ಕೆಟ್ಟದ್ದು ಅಂತಲೋ ಅಪ್ಪ ಯಾವತ್ತೂ ಹೇಳಿಲ್ಲ.

ಫೆಬ್ರವರಿಯಲ್ಲಿ ಹೋಗಬಹುದಾ? ಚಳಿ ಜಾಸ್ತಿ ಇರುತ್ತಾ? ತೋಟದಲ್ಲಿ ಏರು ಎಷ್ಟಿದೆ? ಅವರಿಗೆ ಯಾವ ಮರಗಳನ್ನು ತಪ್ಪದೆ ತೋರಿಸಬೇಕು?

ಗುಂಡ್ಲುಪೇಟೆ_ದಾರಿ, ಜನವರಿ 17

ಫೆಬ್ರವರಿ ಒಳ್ಳೆಯ ಕಾಲ. ಏಪ್ರಿಲ್, ಮೇ ಬೇಡವೇ ಬೇಡ. ಮೇ ತಿಂಗಳ ಫ್ಲವರ್ ಶೋ ಹೊತ್ತಿಗೆ ಜನ ಹೇಗಿರುತ್ತಾರೆ ಅಂದರೆ ಮರ ನೋಡೋಕೆ ತಲೆ ಎತ್ತಿದರೆ ಹಿಂದಿನವರು ತಳ್ಳಿಕೊಂಡು ಹೋಗುತ್ತಾರೆ. ಮಂಡಿ ನೋವಿರುವವರಿಗೆ ಅದು ಹಿಂಸೆ.

ಸ್ವಂತ ಕಾರಾದರೆ ಮೊದಲೇ ಇ-ಪಾಸ್ (ಹೊರಗಿನ ಗಾಡಿ ಊಟಿಗೆ ಹೋಗಲು ಆನ್‌ಲೈನ್‌ನಲ್ಲಿ ಪಡೆಯುವ ಅನುಮತಿ) ಮಾಡಿಸಿಕೊಳ್ಳಿ. ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ 2024ರ ಮೇ ತಿಂಗಳಿಂದ ಅದು ಶುರುವಾಗಿದೆ. ಸರ್ಕಾರಿ ಬಸ್ಸಿನಲ್ಲಿ ಹೋದರೆ ಆ ತಾಪತ್ರಯ ಇಲ್ಲ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ, ಅದನ್ನು ನೋಡಿಕೊಂಡು ಹೊರಡಿ. ಮಸಿನಗುಡಿ ಮೇಲೆ ಹೋದರೆ ಹತ್ತಿರವೇನೋ ಹೌದು, ಆದರೆ ಕಲ್ಹಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವು. ವಯಸ್ಸಾದವರಿಗೆ ಹೊಟ್ಟೆ ತೊಳೆಸುತ್ತದೆ. ಗೂಡಲೂರು ಮೇಲೆ ನಿಧಾನವಾಗಿ ಹೋಗಿ. ಪ್ಲಾಸ್ಟಿಕ್ ನೀರಿನ ಬಾಟಲಿ ತರಬೇಡಿ, ಆ ಜಿಲ್ಲೆಯಲ್ಲಿ ನಿಷೇಧ ಇದೆ. ಸ್ಟೀಲ್ ಬಾಟಲಿ ಇಟ್ಟುಕೊಳ್ಳಿ.

ಗೂಡಲೂರು ದಾರಿಯಲ್ಲಿ ನಡುವಟ್ಟಂ ಸಿಗುತ್ತದೆ. ಅಲ್ಲಿ ಕಾರು ನಿಲ್ಲಿಸಿ ಒಂದು ಚಹಾ ಕುಡಿಯಿರಿ. ಒಂದು ಕಾಲದಲ್ಲಿ ಮಲೇರಿಯಾಕ್ಕೆ ಕ್ವಿನೈನ್ ಕೊಟ್ಟ ಸಿಂಕೋನಾ ಮರಗಳನ್ನು ಬೆಳೆಸಿದ ಜಾಗ ಅದು.

ಲಾಲ್‌ಬಾಗ್_ನಡಿಗೆ, ಜನವರಿ 18

ನಾನು ಮೂವತ್ತು ವರ್ಷದಿಂದ ಲಾಲ್‌ಬಾಗ್‌ನಲ್ಲಿ ನಡೆಯುತ್ತಿದ್ದೇನೆ. ಊಟಿ ತೋಟಕ್ಕೆ ಮೂರು ಸಲ ಹೋಗಿದ್ದೇನೆ. ಲಾಲ್‌ಬಾಗ್ ಹಾಗೆ ಸಮತಟ್ಟಾಗಿ ಇರುತ್ತದೆ ಅಂದುಕೊಂಡು ಹೋಗಬೇಡಿ. ಲಾಲ್‌ಬಾಗ್ 240 ಎಕರೆ, ಊಟಿಯದ್ದು ಸುಮಾರು 55 ಎಕರೆ. ಚಿಕ್ಕದು ನಿಜ, ಆದರೆ ದೊಡ್ಡಬೆಟ್ಟದ ತಪ್ಪಲಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತಾ ಹೋಗುತ್ತದೆ. ಕೆಳಗಿನ ಅಂಚು 2,250 ಮೀಟರ್ ಎತ್ತರದಲ್ಲಿದ್ದರೆ ಮೇಲಿನ ಅಂಚು 2,500 ಮೀಟರ್ ಹತ್ತಿರ. ಅಷ್ಟು ಎತ್ತರದಲ್ಲಿ ನಮಗೂ ಬೇಗ ಏದುಸಿರು ಬರುತ್ತದೆ.

ನನ್ನ ಸಲಹೆ ಇಷ್ಟೇ. ಪೂರ್ತಿ ತೋಟ ನೋಡುವ ಆಸೆ ಬಿಡಿ. ಕೆಳಗಿನ ಹುಲ್ಲುಹಾಸು, ಅದರ ಸುತ್ತಲಿನ ದೊಡ್ಡ ಮರಗಳು, ಗಾಜಿನ ಮನೆ, ಕಲ್ಲಾದ ಮರ. ಇಷ್ಟಕ್ಕೆ ಮೂರು ಗಂಟೆ ಕೊಡಿ. ಆ ಕಲ್ಲಾದ ಮರದ ಕಾಂಡಕ್ಕೆ ಎರಡು ಕೋಟಿ ವರ್ಷ ವಯಸ್ಸು. ಪಕ್ಕದಲ್ಲಿ ನಿಂತು ಅದರ ಗೆರೆಗಳನ್ನು ನೋಡಿದರೆ ಮರ ಅಂತಲೇ ಅನಿಸುತ್ತದೆ. ಬಹಳ ಜನ ಅದರ ಮುಂದೆ ಫೋಟೋ ತೆಗೆಸಿಕೊಂಡು ಅರ್ಧ ನಿಮಿಷದಲ್ಲಿ ಹೋಗಿಬಿಡುತ್ತಾರೆ, ನನಗೆ ಹೊಟ್ಟೆ ಉರಿಯುತ್ತದೆ.

ಎಲೆಮರೆ, ಜನವರಿ 18

ನಾನು ನಿವೃತ್ತ ಸಸ್ಯಶಾಸ್ತ್ರ ಮೇಷ್ಟ್ರು. ನಿಮ್ಮ ತಂದೆಯವರ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ತೋಟದ ವಿಷಯ. 1840ರ ದಶಕದಲ್ಲಿ ಊಟಿಯಲ್ಲಿದ್ದ ಯುರೋಪಿಯನ್ನರಿಗೆ ತಮ್ಮ ಊರಿನ ತರಕಾರಿ ಬೇಕಿತ್ತು. ಚಂದಾ ಹಾಕಿ ಒಂದು ತರಕಾರಿ ತೋಟ ಮಾಡಿದರು. 1848ರಲ್ಲಿ ವಿಲಿಯಂ ಗ್ರಹಾಂ ಮೆಕ್‌ಐವರ್ ಬಂದ ಮೇಲೆ ಅದು ನಿಜವಾದ ಸಸ್ಯೋದ್ಯಾನವಾಯಿತು. ಅವರು ಲಂಡನ್ನಿನ ಕ್ಯೂ ತೋಟದಲ್ಲಿ ಕೆಲಸ ಮಾಡಿದವರು. ಹತ್ತು ವರ್ಷದ ನಂತರ ನಮ್ಮ ಲಾಲ್‌ಬಾಗ್‌ಗೆ ಬಂದ ವಿಲಿಯಂ ನ್ಯೂ ಕೂಡ ಕ್ಯೂನವರೇ. ಹಾಗಾಗಿ ಈ ಎರಡು ತೋಟಗಳು ಒಂದೇ ಗರಡಿಯಲ್ಲಿ ಪಳಗಿದವರ ಕೈಯಲ್ಲಿ ಬೆಳೆದವು.

ಮೆಕ್‌ಐವರ್ ಮಾಡಿದ ಒಂದು ಕೆಲಸ ನಿಮ್ಮ ತಂದೆಗೆ ಖಂಡಿತ ಇಷ್ಟವಾಗುತ್ತದೆ. ಸಿಂಕೋನಾದಲ್ಲಿ ಔಷಧಿ ಇರುವುದು ತೊಗಟೆಯಲ್ಲಿ. ತೊಗಟೆ ಬೇಕು ಅಂದರೆ ಮರ ಕಡಿಯಬೇಕು. ಇವರು ತೊಗಟೆಯನ್ನು ಉದ್ದುದ್ದ ಪಟ್ಟಿಯಾಗಿ ಸುಲಿದು, ಸುಲಿದ ಜಾಗಕ್ಕೆ ಹಸಿ ಪಾಚಿ ಹೊದಿಸಿ ಕಟ್ಟಿದರು. ಗಾಯಕ್ಕೆ ಬಟ್ಟೆ ಕಟ್ಟಿದ ಹಾಗೆ. ಅಲ್ಲಿ ಮತ್ತೆ ತೊಗಟೆ ಬಂತು, ಮರ ಉಳಿಯಿತು.

ಈಗ ನೀಲಗಿರಿ ಮರಕ್ಕೆ ಬರೋಣ. ಇಲ್ಲಿ ಒಂದು ತಿದ್ದುಪಡಿ ಇದೆ. ಊಟಿಯ ಮರ ಮತ್ತು ನಿಮ್ಮ ಹೊಲದ ಮರ ಒಂದೇ ಅಲ್ಲ.

ಊಟಿಯದ್ದು ಯೂಕಲಿಪ್ಟಸ್ ಗ್ಲೋಬ್ಯುಲಸ್, ಬ್ಲೂ ಗಮ್ ಅನ್ನುತ್ತಾರೆ. 1843ರಲ್ಲಿ ಕ್ಯಾಪ್ಟನ್ ಕಾಟನ್ ಎಂಬುವವರು ಆಸ್ಟ್ರೇಲಿಯಾದ ಈ ಮರವನ್ನು ನೀಲಗಿರಿ ಬೆಟ್ಟಕ್ಕೆ ತಂದರು. ಸೌದೆಗೆ ಬೇಕು ಅಂತ ಆಮೇಲೆ ಎಲ್ಲೆಲ್ಲೂ ನೆಟ್ಟರು. ಆ ಬೆಟ್ಟದಿಂದ ಬಂದ ಎಣ್ಣೆ ನಮಗೆ ನೀಲಗಿರಿ ಎಣ್ಣೆಯಾಯಿತು, ಮರ ನೀಲಗಿರಿ ಮರವಾಯಿತು. ಬೆಟ್ಟದ ಹೆಸರನ್ನೇ ಒಂದು ಪರದೇಶದ ಮರಕ್ಕೆ ಕೊಟ್ಟುಬಿಟ್ಟೆವು. ಆದರೆ ಬ್ಲೂ ಗಮ್‌ಗೆ ತಂಪು ಬೇಕು. ಮಾಲೂರಿನ ಬಿಸಿಲಿಗೆ ಅದು ಬರುವುದಿಲ್ಲ.

ನಿಮ್ಮ ಕಡೆ ಹಾಕಿದ್ದು ಮೈಸೂರು ಗಮ್ ಅಂತ ಕರೆಯುವ ಇನ್ನೊಂದು ಜಾತಿ. ಅದರ ಮೂಲ ಎಲ್ಲಿ ಗೊತ್ತಾ? ನಂದಿ ಬೆಟ್ಟ. 1790ರ ಸುಮಾರಿಗೆ ಟಿಪ್ಪು ಸುಲ್ತಾನರ ತೋಟಕ್ಕೆ ಆಸ್ಟ್ರೇಲಿಯಾದ ಬೀಜ ಬಂತು ಅಂತ ಅರಣ್ಯ ಇಲಾಖೆಯ ಹಳೆಯ ಬರಹಗಳು ಹೇಳುತ್ತವೆ. ಆ ನಂದಿಯ ಮರಗಳ ಬೀಜದಿಂದ ಬಂದದ್ದೇ ಮೈಸೂರು ಗಮ್. ಅದು ಬಯಲುಸೀಮೆಗೆಲ್ಲ ಹಬ್ಬಿತು, ರಾಜ್ಯ ದಾಟಿಯೂ ಹೋಯಿತು.

ಒಂದು ಕೆಲಸ ಮಾಡಿ. ಹೊರಡುವ ಮುಂಚೆ ನಿಮ್ಮ ಅಕ್ಕಪಕ್ಕದ ಹೊಲದಲ್ಲಿ ನೀಲಗಿರಿ ಉಳಿದಿದ್ದರೆ ಕಾಯಿ, ಮೊಗ್ಗು ಇರುವ ಒಂದು ರೆಂಬೆ ಕಿತ್ತು ಪೇಪರ್‌ನಲ್ಲಿ ಸುತ್ತಿ ಇಟ್ಟುಕೊಳ್ಳಿ. ಊಟಿಯಲ್ಲಿ ದೊಡ್ಡಬೆಟ್ಟದ ರಸ್ತೆ ಬದಿಯಲ್ಲಿ ಬ್ಲೂ ಗಮ್ ಕಾಯಿ ಬಿದ್ದಿರುತ್ತವೆ. ಪಕ್ಕಪಕ್ಕ ಇಟ್ಟು ನೋಡಿ. ಬ್ಲೂ ಗಮ್ ಕಾಯಿ ದಪ್ಪ, ಕೋಟಿನ ಗುಂಡಿಯ ಹಾಗೆ. ಸಾಮಾನ್ಯವಾಗಿ ಒಂಟಿಯಾಗಿರುತ್ತದೆ, ಮೇಲೆ ಬಿಳಿ ಪುಡಿ ಬಳಿದ ಹಾಗಿರುತ್ತದೆ. ನಿಮ್ಮ ಕಡೆಯದ್ದು ಸಣ್ಣದು, ಗೊಂಚಲು. ಮೊಗ್ಗಿನ ಟೋಪಿ ಕೊಂಬಿನಂತೆ ಚೂಪು.

ಹೊಸಕೋಟೆ_ರೈತ, ಜನವರಿ 19

ಮೇಷ್ಟ್ರೇ, ಎಷ್ಟೊಂದು ವಿಷಯ. ಧನ್ಯವಾದ. ಆದರೆ ಒಂದು ಮಾತು. ಎಲ್ಲರೂ ನೀಲಗಿರಿಯನ್ನು ರಾಕ್ಷಸ ಅನ್ನುತ್ತಾರೆ. ನಮ್ಮ ಕಡೆ ಸಾವಿರ ಅಡಿ ಬೋರ್ ಕೊರೆದು ಗುಲಾಬಿ, ದ್ರಾಕ್ಷಿ ಬೆಳೆದವರು ನಾವೇ. ನೀರು ಖಾಲಿ ಮಾಡಿದ ಪಾಪವನ್ನೆಲ್ಲ ಮರದ ತಲೆಗೆ ಕಟ್ಟುವುದು ಸರಿಯಾ?

ಎಲೆಮರೆ, ಜನವರಿ 19

ನಿಮ್ಮ ಮಾತಿನಲ್ಲಿ ನ್ಯಾಯ ಇದೆ. ಬೋರ್‌ವೆಲ್‌ಗಳ ಪಾಲು ದೊಡ್ಡದು, ಅದನ್ನು ಮುಚ್ಚಿಡಬಾರದು. ಆದರೆ ನೀಲಗಿರಿಯ ಲೆಕ್ಕವೂ ಇದೆ. ನಿಮ್ಮ ಹೊಸಕೋಟೆಯ ಹತ್ತಿರವೇ ವಿಜ್ಞಾನಿಗಳು ಅಳತೆ ಮಾಡಿದ್ದರು. ಹೊಲದಲ್ಲಿ ಹಾಕಿದ ಎಳೆಯ ನೀಲಗಿರಿ ಆಯಾ ವರ್ಷ ಬಿದ್ದ ಮಳೆಗಿಂತ ಜಾಸ್ತಿ ನೀರು ಬಳಸಿದ್ದು ಕಂಡುಬಂತು. ಬೇರು ಪ್ರತಿ ವರ್ಷ ಇನ್ನೂ ಕೆಳಕ್ಕೆ ಇಳಿದು ಮಣ್ಣಿನಲ್ಲಿ ಕೂಡಿಟ್ಟಿದ್ದ ನೀರನ್ನು ಎಳೆಯುತ್ತಿತ್ತು. ರಾಗಿಯ ಬೇರು ಅಷ್ಟು ಆಳ ಹೋಗುವುದಿಲ್ಲ. ಬಿದ್ದ ಮಳೆಯಲ್ಲಿ ಒಂದಷ್ಟು ಕೆಳಗೆ ಇಂಗುತ್ತದೆ. ನೀಲಗಿರಿ ತೋಪಿನಲ್ಲಿ ಇಂಗಲಿಕ್ಕೆ ಉಳಿಯುವುದೇ ಕಡಿಮೆ. 2017ರಲ್ಲಿ ನಮ್ಮ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಲ್ಲಿಸಿದ್ದು ಸುಮ್ನೆ ಅಲ್ಲ.

ಹಾಗಂತ ಅದನ್ನು ನೆಟ್ಟ ರೈತರದ್ದು ತಪ್ಪು ಅಂತ ನಾನು ಒಪ್ಪುವುದಿಲ್ಲ. ಅವತ್ತು ಸಸಿ ಕೊಟ್ಟು ನೆಡಿ ಅಂದವರೂ ಇದ್ದರಲ್ಲ.

ಹೊಸಕೋಟೆ_ರೈತ, ಜನವರಿ 19

ಈ ಕೊನೆಯ ಮಾತು ಸಾಕು ಮೇಷ್ಟ್ರೇ. ನಮ್ಮಪ್ಪ ಬದುಕಿದ್ದರೆ ಅವರಿಗೆ ಓದಿ ಹೇಳುತ್ತಿದ್ದೆ.

ಕೋತಗಿರಿ_ಮಂಜು, ಜನವರಿ 20

ನಾನು ನೀಲಗಿರಿ ಬೆಟ್ಟದ ಬಡಗ ಸಮುದಾಯದ ಹೆಣ್ಣು. ಹುಟ್ಟಿದ್ದು ಕೋತಗಿರಿ ಹತ್ತಿರದ ಒಂದು ಹಟ್ಟಿಯಲ್ಲಿ. ಮದುವೆಯಾಗಿ ಮೈಸೂರಿಗೆ ಬಂದೆ. ಕನ್ನಡ ಓದಲು ಬರೆಯಲು ಇಲ್ಲೇ ಕಲಿತೆ. ಕಷ್ಟವೇನೂ ಆಗಲಿಲ್ಲ, ನಮ್ಮ ಭಾಷೆ ಕನ್ನಡದ ಒಡಹುಟ್ಟು. ಬಡಗು ದಿಕ್ಕಿನಿಂದ, ಅಂದರೆ ಮೈಸೂರು ಸೀಮೆಯಿಂದ ಬಂದವರು ಅಂತಲೇ ನಮಗೆ ಬಡಗರು ಅಂತ ಹೆಸರು. ದೊಡ್ಡಬೆಟ್ಟ ಅನ್ನುವ ಹೆಸರು ಕೇಳಿ. ಅದನ್ನು ನಿಮಗೆ ಯಾರೂ ಅನುವಾದ ಮಾಡಿ ಹೇಳಬೇಕಾಗಿಲ್ಲ, ಅಲ್ವಾ?

ನಮ್ಮ ಅಜ್ಜಿ ಚಿಕ್ಕವರಿದ್ದಾಗ ಬೆಟ್ಟದ ಮೇಲೆ ಹುಲ್ಲೇ ಹುಲ್ಲು ಇತ್ತಂತೆ. ಕಣಿವೆಯ ಮಡಿಕೆಗಳಲ್ಲಿ ಮಾತ್ರ ಗಿಡ್ಡ ಮರಗಳ ಕಾಡು, ಅದೇ ಶೋಲಾ. ಹುಲ್ಲು ಮಳೆ ಹಿಡಿದು ನಿಧಾನವಾಗಿ ಬಿಡುತ್ತಿತ್ತು. ಬೇಸಿಗೆಯಲ್ಲೂ ಹಳ್ಳ ಹರಿಯುವುದು ನಿಲ್ಲುತ್ತಿರಲಿಲ್ಲ. ಆ ಹುಲ್ಲಿನ ಮೇಲೆ ನೀಲಗಿರಿ ನೆಟ್ಟರು. ತೊಗಟೆಯಿಂದ ಚರ್ಮ ಹದ ಮಾಡಬಹುದು ಅಂತ ವ್ಯಾಟಲ್ ಅನ್ನುವ ಆಸ್ಟ್ರೇಲಿಯಾದ ಮರ ನೆಟ್ಟರು. ವ್ಯಾಟಲ್ ತಾನಾಗಿಯೇ ಹಬ್ಬಿತು.

ಆದರೆ ನಾನು ಬೆಳೆದದ್ದು ಆ ನೀಲಗಿರಿ ವಾಸನೆಯಲ್ಲೇ. ಎಲೆ ಗುಡಿಸಿ ಹೊರೆ ಕಟ್ಟಿ ಎಣ್ಣೆ ಕಾಯಿಸುವವರಿಗೆ ಕೊಡುತ್ತಿದ್ದೆವು. ಒಲೆಗೆ ಅದೇ ಸೌದೆ, ಶೀತ ಆದರೆ ಅದೇ ಎಣ್ಣೆ. ಅದಕ್ಕೇ ನಿಮ್ಮ ಅಪ್ಪ ಒಳ್ಳೆಯದು ಕೆಟ್ಟದ್ದು ಅಂತ ಹೇಳದೆ ಸುಮ್ಮನಿರುವುದು ನನಗೆ ಅರ್ಥವಾಗುತ್ತದೆ. ನಮ್ಮ ಅಜ್ಜಿಯೂ ಹಾಗೇ ಇದ್ದರು.

ತೋಟದಲ್ಲಿ ಆಸ್ಟ್ರೇಲಿಯಾದ್ದು, ದಕ್ಷಿಣ ಅಮೆರಿಕದ್ದು ಎಲ್ಲಾ ನೋಡಿ. ನಂತರ ದೊಡ್ಡಬೆಟ್ಟದ ಮೇಲೆ ಒಂದು ಸ್ಥಳೀಯ ಮರವನ್ನೂ ತೋರಿಸಿ. ರೋಡೋಡೆಂಡ್ರಾನ್. ಕಾಂಡ ಗಂಟುಗಂಟು, ಹೂವು ಕಡುಗೆಂಪು. ಫೆಬ್ರವರಿಯಲ್ಲಿ ಹೂ ಇರುತ್ತದೆ. ಅದೇ ಜಾತಿ ಹಿಮಾಲಯದಲ್ಲೂ ಇದೆ, ನಡುವೆ ಸಾವಿರಾರು ಕಿಲೋಮೀಟರ್ ಬಯಲು.

ತೋಟದ ಮೇಲ್ತುದಿಯಲ್ಲಿ ತೋಡ ಬುಡಕಟ್ಟಿನವರ ಮಂದು, ಅಂದರೆ ಹಟ್ಟಿ ಇದೆ, ಕಮಾನಿನ ಹಾಗೆ ಬಾಗಿದ ಮನೆಗಳು. ಅದು ಜನ ವಾಸ ಮಾಡುವ ಊರು, ಪ್ರದರ್ಶನ ಅಲ್ಲ. ಹೋದರೆ ಕೇಳಿ ಫೋಟೋ ತೆಗೆಯಿರಿ. ಅಪ್ಪನಿಗೆ ಆ ಏರು ಕಷ್ಟ, ಬಿಟ್ಟುಬಿಡಿ.

ಕ್ಯಾಮೆರಾ_ಹಕ್ಕಿ, ಜನವರಿ 20

ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ. ಜನ ಬರುವ ಮುಂಚೆ ಹುಲ್ಲಿನ ಅಂಚಿನಲ್ಲಿ ನೀಲಗಿರಿ ಫ್ಲೈಕ್ಯಾಚರ್ ಸಿಗುತ್ತದೆ. ಇಂಡಿಗೋ ನೀಲಿ ಬಣ್ಣದ ಪುಟ್ಟ ಹಕ್ಕಿ. ಅದು ನಿಜವಾಗಿ ಈ ಬೆಟ್ಟಸಾಲಿನದ್ದೇ. ಹೆಸರಿಗೆ ತಕ್ಕ ನೀಲಗಿರಿ ಅಂದರೆ ಅದು.

ಮಾಲೂರು_ಮಗಳು, ಫೆಬ್ರವರಿ 14

ಹೋಗಿ ಬಂದೆವು! ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಾಗುತ್ತಿಲ್ಲ.

ಮೇಷ್ಟ್ರು ಹೇಳಿದ ಹಾಗೆ ಪಕ್ಕದ ಹೊಲದ ಬದುವಿನಿಂದ ಅಪ್ಪನೇ ರೆಂಬೆ ಕಿತ್ತು ತಂದರು. ಪೇಪರ್‌ನಲ್ಲಿ ಸುತ್ತಿ, ದಾರ ಕಟ್ಟಿ, ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಗಡಿಯ ಚೆಕ್‌ಪೋಸ್ಟ್‌ನಲ್ಲಿ ಏನಿದು ಅಂತ ಕೇಳಿದಾಗ, "ನಮ್ಮೂರ ನೀಲಗಿರಿ" ಅಂದರು. ಪೊಲೀಸಿನವರು ನಕ್ಕು ಬಿಟ್ಟರು.

ಮಂಗಳವಾರ ಬೆಳಿಗ್ಗೆ ಬೇಗ ತೋಟಕ್ಕೆ ಹೋದೆವು. ನೆರಳಿದ್ದ ಕಡೆ ಹುಲ್ಲಿನ ಮೇಲೆ ಇನ್ನೂ ಹಿಮದ ಬಿಳಿ ಪದರ ಇತ್ತು. ಅಪ್ಪ ಜನ್ಮದಲ್ಲೇ ಅದನ್ನು ನೋಡಿರಲಿಲ್ಲ. ಬಗ್ಗಿ ಬೆರಳಿನಿಂದ ಮುಟ್ಟಿದರು. "ಇಷ್ಟು ಚಳಿ ಬಿದ್ದರೆ ಟೊಮ್ಯಾಟೊ ಹೋಯ್ತು" ಅಂದರು. ಅವರಿಗೆ ಎಲ್ಲಾ ಕಡೆ ಬೆಳೆಯೇ ಕಾಣುತ್ತದೆ.

ಪೇಪರ್‌ಬಾರ್ಕ್ ಮರದ ಹತ್ತಿರ ತುಂಬಾ ಹೊತ್ತು ನಿಂತರು. ತೊಗಟೆ ಹಾಳೆ ಹಾಳೆಯಾಗಿ ಏಳುತ್ತಿತ್ತು. ನಾನು ಮೆಕ್‌ಐವರ್ ಪಾಚಿ ಕಟ್ಟಿದ ಕಥೆ ಹೇಳಿದೆ. ಅಪ್ಪ ಪೂರ್ತಿ ಕೇಳಿ, "ಪಟ್ಟಿ ಎಷ್ಟು ಅಗಲ ಸುಲೀತಿದ್ರು? ಎರಡು ಪಟ್ಟಿ ನಡುವೆ ಎಷ್ಟು ಬಿಡ್ತಿದ್ರು?" ಅಂತ ಕೇಳಿದರು. ಮೇಷ್ಟ್ರೇ, ಇದಕ್ಕೆ ನೀವೇ ಉತ್ತರ ಹೇಳಬೇಕು.

ಕಲ್ಲಾದ ಮರ ನೋಡಿ ಮಾತೇ ಆಡಲಿಲ್ಲ. ನಂತರ ಬೆಂಚಿನ ಮೇಲೆ ಕೂತೆವು. ಹುಲ್ಲು ಕೀಳುತ್ತಿದ್ದ ತೋಟದ ಹೆಂಗಸೊಬ್ಬರು ಅಪ್ಪನ ಕೈಯಲ್ಲಿದ್ದ ರೆಂಬೆ ನೋಡಿ ಹತ್ತಿರ ಬಂದರು. ಅವರು ಮಾತಾಡಿದ್ದು ಬಡಗ ಇರಬೇಕು. ಅಪ್ಪ ಕನ್ನಡದಲ್ಲಿ ಹೇಳಿದರು. ಇಬ್ಬರೂ ಮಣ್ಣು, ಮಳೆ, ಮೊಮ್ಮಕ್ಕಳು ಅಂತ ಕಾಲು ಗಂಟೆ ಮಾತಾಡಿದರು. ನನಗೆ ಅರ್ಧ ಅರ್ಥವಾಯಿತು. ಅಪ್ಪನಿಗೆ ಎಲ್ಲಾ ಅರ್ಥವಾಯಿತಂತೆ.

ಮಾರನೇ ದಿನ ದೊಡ್ಡಬೆಟ್ಟದ ರಸ್ತೆ. ಕಾರು ನಿಲ್ಲಿಸಿದೆವು. ಆ ಮರಗಳ ಎತ್ತರ ನೋಡಿ ಅಪ್ಪ ಟವೆಲ್ ಬಿಚ್ಚಿ ಕತ್ತು ಹಿಂದಕ್ಕೆ ಹಾಕಿ ನಿಂತರು. ನಮ್ಮ ಕಡೆ ಐದಾರು ವರ್ಷಕ್ಕೆ ಕಡಿದುಬಿಡುತ್ತಿದ್ದರಲ್ಲ, ಅವರು ಒಂದು ನೀಲಗಿರಿಯನ್ನೂ ಪೂರ್ತಿ ಬೆಳೆದದ್ದನ್ನು ನೋಡೇ ಇರಲಿಲ್ಲ. ಕಾಯಿ ಹೆಕ್ಕಿ ಕಾರಿನ ಬಾನೆಟ್ ಮೇಲೆ ಇಟ್ಟೆವು, ಪಕ್ಕದಲ್ಲಿ ನಮ್ಮ ರೆಂಬೆ. ದಪ್ಪ ಗುಂಡಿ ಒಂದು ಕಡೆ, ಸಣ್ಣ ಗೊಂಚಲು ಒಂದು ಕಡೆ. ಎಲೆ ಹಿಸುಕಿ ಎರಡನ್ನೂ ಮೂಸಿದರು. ವಾಸನೆಯೂ ಬೇರೆ.

"ಇದು ನಮ್ಮದಲ್ಲ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನಲವತ್ತು ವರ್ಷ ಊಟಿದು ಅಂದುಕೊಂಡಿದ್ದೆ. ನಮ್ಮದು ನಂದಿದು" ಅಂದರು.

ರೋಡೋಡೆಂಡ್ರಾನ್ ಹೂ ಬಿಟ್ಟಿತ್ತು. ಅದರ ಫೋಟೋ ಅಪ್ಪನ ಫೋನಿನ ಪರದೆ ಮೇಲೆ ಹಾಕಿಕೊಟ್ಟಿದ್ದೇನೆ.

ಎಲೆಮರೆ, ಫೆಬ್ರವರಿ 14

ನಿಮ್ಮ ತಂದೆಯವರ ಪ್ರಶ್ನೆಗೆ ಅಳತೆ ಸಮೇತ ಉತ್ತರ ಕೊಡಬೇಕು. ಹಳೆಯ ಪುಸ್ತಕ ತೆಗೆದು ನೋಡಿ ಬರೆಯುತ್ತೇನೆ. ನಲವತ್ತು ವರ್ಷ ಪಾಠ ಮಾಡಿದ್ದೇನೆ, ಒಬ್ಬ ವಿದ್ಯಾರ್ಥಿಯೂ ಪಟ್ಟಿಗಳ ನಡುವಿನ ಅಂತರ ಕೇಳಿರಲಿಲ್ಲ.

ಕೋತಗಿರಿ_ಮಂಜು, ಫೆಬ್ರವರಿ 15

ಆ ಕಾಲು ಗಂಟೆಯ ಮಾತುಕತೆ ಓದಿ ಕಣ್ಣು ತುಂಬಿ ಬಂತು. ಮುಂದಿನ ಸಲ ನಮ್ಮ ಹಟ್ಟಿಗೆ ಬನ್ನಿ. ಅಪ್ಪನಿಗೆ ನಮ್ಮ ಅವರೆಕಾಳಿನ ಸಾರು ಮಾಡಿ ಬಡಿಸುತ್ತೇವೆ.

ಮಾಲೂರು_ಮಗಳು, ಫೆಬ್ರವರಿ 15

ಖಂಡಿತ ಬರುತ್ತೇವೆ. ಅದಕ್ಕೂ ಮುಂಚೆ ಇನ್ನೊಂದು ಕೆಲಸ ಬಿದ್ದಿದೆ. ಅಪ್ಪ ಆ ರೆಂಬೆಯನ್ನು ಎಸೆಯಲು ಬಿಟ್ಟಿಲ್ಲ. "ನಂದಿಗೆ ಯಾವಾಗ ಹೋಗೋದು?" ಅಂತ ದಿನಾ ಕೇಳುತ್ತಿದ್ದಾರೆ. ಬೆಟ್ಟದ ಮೇಲೆ ಈಗಲೂ ಹಳೆಯ ನೀಲಗಿರಿ ಮರಗಳು ಇವೆಯಾ? ಮಂಡಿ ನೋವಿರುವವರು ಅಲ್ಲಿಯವರೆಗೆ ಹೋಗಬಹುದಾ?

ಲಾಲ್‌ಬಾಗ್_ನಡಿಗೆ, ಫೆಬ್ರವರಿ 15

ಇವೆ, ದೊಡ್ಡ ದೊಡ್ಡ ಮರಗಳಿವೆ. ಗಾಡಿ ಮೇಲಿನವರೆಗೆ ಹೋಗುತ್ತದೆ. ಶನಿವಾರ, ಭಾನುವಾರ ಬೇಡ, ಟ್ರಾಫಿಕ್‌ನಲ್ಲೇ ಬೆಳಗು ಕಳೆಯುತ್ತದೆ. ಬುಧವಾರ ಹೋಗುವುದಾದರೆ ಹೇಳಿ, ನಾನೂ ಬರುತ್ತೇನೆ.

ಹೊಸಕೋಟೆ_ರೈತ, ಫೆಬ್ರವರಿ 15

ಬುಧವಾರ ನನಗೂ ಆಗುತ್ತೆ. ನಮ್ಮ ಹೊಲದ ರೆಂಬೆ ನಾನೂ ತರುತ್ತೇನೆ.